ಕಾಣದ ಒಲೆ

ಚಳಿಯ ದೇಶಗಳಲ್ಲಿ ಕೆಲವು ಕಾಲ ವಾಸಮಾಡಿ ಬಂದವರು ಅಲ್ಲಿನ ಸೌಕರ್ಯಗಳನ್ನು ವರ್ಣಿಸುವಾಗ ಮನೆಯೊಳಗಿನ ಬಿಸುಪನ್ನು ಮರೆಯದೆ ಹೇಳುತ್ತಾರೆ. ಹೊರಗೆ ಹಿಮ ಬಿದ್ದಿರುತ್ತದೆ; ಒಳಗೆ ತೆಳುವಾದ ಅಂಗಿ ತೊಟ್ಟು ಕಾಫಿ ಕುಡಿಯುತ್ತ ಕುಳಿತಿರಬಹುದು. ಸೌದೆಯಿಲ್ಲ, ಹೊಗೆಯಿಲ್ಲ, ಬೂದಿ ಬಾಚುವ ಗೋಜಿಲ್ಲ. ಗೋಡೆಯ ಮೇಲೊಂದು ಪುಟ್ಟ ಯಂತ್ರ. ಇಷ್ಟು ಡಿಗ್ರಿ ಬೇಕೆಂದು ಅದಕ್ಕೆ ತಿಳಿಸಿಬಿಟ್ಟರೆ ಮುಗಿಯಿತು. ಚಳಿ ಕಾಲಿಟ್ಟ ಮೊದಲ ರಾತ್ರಿ ಅದು ಸಣ್ಣಗೆ ಸದ್ದುಮಾಡಿ ಎಚ್ಚರಗೊಳ್ಳುತ್ತದೆ. ಮನೆಯವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ.

ಈ ಸುಖದಲ್ಲಿ ದೋಷವೇನೂ ಇಲ್ಲ. ಚಳಿಯಲ್ಲಿ ನಡುಗುವುದೇ ಒಂದು ಪುಣ್ಯವೆಂದು ನಂಬಿದವನು ನಾನಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಪ್ರಾಣವನ್ನೇ ಒಪ್ಪಿಸಿ ನೆಚ್ಚಿಕೊಂಡಿರುವ ವಸ್ತುವಿನ ವಿಷಯದಲ್ಲಿ ನಮಗೆ ಕರ್ತವ್ಯವೇನಾದರೂ ಉಂಟೆ? ತಿಂಗಳ ಹಣ ಕಟ್ಟಿದಲ್ಲಿಗೆ ಋಣ ತೀರಿತೆ?

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯಕ್ಕೆ ಈ ಪ್ರಶ್ನೆ ಬಹು ಕಠಿಣವಾಗಿ ಎದುರಾಯಿತು. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್—ನಮ್ಮವರ ಮಕ್ಕಳು ಸಂಸಾರ ಹೂಡಿರುವ ಊರುಗಳಾದ್ದರಿಂದ ಈ ಹೆಸರುಗಳು ನಮ್ಮ ಮನೆಗಳಲ್ಲೂ ಪರಿಚಿತವೇ. ಅದು ಬಿಸಿಲಿಗೆ ಅಂಜುವ ಸೀಮೆ, ಚಳಿಗಲ್ಲ. ಆ ತಿಂಗಳ 16ರಂದು ಡಲ್ಲಾಸಿನಲ್ಲಿ ಉಷ್ಣಮಾನ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಯಿತು. ಮನೆಮನೆಯ ಯಂತ್ರಗಳೂ ಒಟ್ಟಿಗೆ ಬಿಸುಪು ಕೇಳಿದುವು. ಅದೇ ಹೊತ್ತಿಗೆ ಅನಿಲದ ಬಾವಿಗಳು ಹೆಪ್ಪುಗಟ್ಟಿದುವು. ಅನಿಲವಿಲ್ಲದೆ ವಿದ್ಯುದಾಗಾರಗಳು ನಿಂತುವು. ವಿದ್ಯುತ್ತು ಹೋದದ್ದರಿಂದ ಅನಿಲವನ್ನು ದೂಡುವ ಯಂತ್ರಗಳೂ ಕೆಲವೆಡೆ ನಿಂತುವು. ಒಬ್ಬರನ್ನೊಬ್ಬರು ಹಿಡಿದು ನಡೆಯುತ್ತಿದ್ದವರು ಜೊತೆಯಾಗಿಯೇ ಹಳ್ಳಕ್ಕೆ ಬಿದ್ದ ಹಾಗಾಯಿತು. 15ರ ನಸುಕಿನಲ್ಲಿ ಜಾಲವನ್ನು ನೋಡಿಕೊಳ್ಳುವವರು ಬೇರೆ ದಾರಿಯಿಲ್ಲದೆ ತಾವೇ ಊರೂರಿನ ವಿದ್ಯುತ್ತನ್ನು ಕಡಿದರು. ಕಡಿಯದಿದ್ದರೆ ಇನ್ನು 4 ನಿಮಿಷ 37 ಸೆಕೆಂಡುಗಳಲ್ಲಿ ಇಡೀ ಜಾಲವೇ ಕುಸಿಯಬಹುದಾಗಿತ್ತೆಂದು ಆಮೇಲೆ ತಿಳಿದುಬಂತು.

45 ಲಕ್ಷಕ್ಕೂ ಹೆಚ್ಚು ಮನೆ-ಮಳಿಗೆಗಳಲ್ಲಿ ಕತ್ತಲೆ ಕವಿಯಿತು. ಎಷ್ಟೋ ಕಡೆ ದಿನಗಟ್ಟಲೆ. ಅನಿಲದಿಂದ ಕಾಯುವ ಮನೆಗಳಲ್ಲೂ ಬಿಸಿಗಾಳಿಯನ್ನು ಊದುವುದಕ್ಕೆ ವಿದ್ಯುತ್ತೇ ಬೇಕಷ್ಟೆ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ ಸತ್ತವರು 246 ಮಂದಿ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಚಳಿ. ಇನ್ನು ಕೆಲವರು ಹೇಗಾದರೂ ಬೆಚ್ಚಗಾಗಬೇಕೆಂದು ಮುಚ್ಚಿದ ಮನೆಯೊಳಗೆ ಇದ್ದಿಲು ಹೊತ್ತಿಸಿ, ಮುಚ್ಚಿದ ಕೋಣೆಯಲ್ಲಿ ಕಾರಿನ ಯಂತ್ರವನ್ನು ಓಡಿಸಿ, ಅದರ ವಿಷವಾಯುವಿಗೆ ತುತ್ತಾದರು.

ಇದನ್ನು ವಿಧಿಯೆನ್ನೋಣವೆ? 2011ರ ಫೆಬ್ರವರಿಯಲ್ಲೂ ಅಲ್ಲಿ ಇಂಥದೇ ಚಳಿ ಬಂದು ದೀಪಗಳು ಆರಿದ್ದುವು. ತಜ್ಞರು ವಿಚಾರಣೆ ನಡೆಸಿ, ಯಂತ್ರಗಳಿಗೆ ಚಳಿಯಿಂದ ರಕ್ಷಣೆ ಕಲ್ಪಿಸಬೇಕೆಂದು ವರದಿ ಬರೆದರು. ಆ ಮಾತು ಕಡ್ಡಾಯವಾಗಲಿಲ್ಲ. ಅದನ್ನು ಕಡ್ಡಾಯಗೊಳಿಸಿದ ಕಾನೂನು ಬಂದದ್ದು 2021ರಲ್ಲಿ, ಸಾವುಗಳಾದ ಮೇಲೆ. ಅಧಿಕಾರದಲ್ಲಿದ್ದವರನ್ನೂ ವ್ಯಾಪಾರಸ್ಥರನ್ನೂ ದೂರಬೇಕಾದುದು ನಿಜ. ಆದರೆ ವಿದ್ಯುತ್ತು ಅಗ್ಗವಾಗಿರಲೆಂದು ಬಯಸದ ಬಳಕೆದಾರನುಂಟೆ? ಒಳಗೆ ಬೆಚ್ಚಗಿರುವವನಿಗೆ ಕೊಳವೆಯ ಆ ತುದಿಯ ಚಿಂತೆ ಬರುವುದು ಕಷ್ಟ. ಆಸ್ಪತ್ರೆ ಮೊದಲಾದ ಸ್ಥಳಗಳ ತಂತಿಗಳನ್ನು ಕಡಿಯಲಿಲ್ಲ, ಅದು ನ್ಯಾಯ. ಆ ತಂತಿಯ ಮೇಲಿದ್ದ ಮನೆಗಳೂ ಬೆಚ್ಚಗೆ ಉಳಿದುವು. ನಗರಮಧ್ಯದ ಖಾಲಿ ಕಚೇರಿಗಳ ದೀಪಗಳೂ ಉರಿದುವು. ಪಕ್ಕದ ಬೀದಿ ಕತ್ತಲಲ್ಲಿತ್ತು. ಬೆಚ್ಚಗಿದ್ದವರು ಹೆಚ್ಚು ಯೋಗ್ಯರಾಗಿರಲಿಲ್ಲ. ಅವರ ಮನೆ ಆ ತಂತಿಯ ಮೇಲಿತ್ತು, ಅಷ್ಟೆ.

ಹಾಗಾದರೆ ಹಳೆಯ ಕಾಲದ ಒಲೆಯೇ ಮೇಲೆಂದು ಹೇಳುವವರುಂಟು. ಯಾರ ಹಂಗೂ ಇಲ್ಲದ ಬೆಂಕಿ ಅದು ಎಂದು ಅವರ ವಾದ. ಮಲೆನಾಡಿನ ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೈ ಕಾಯಿಸಿಕೊಂಡವರಿಗೆ ಆ ಸುಖ ಮರೆಯುವಂಥದಲ್ಲ, ನಾನೂ ಮರೆತಿಲ್ಲ. ಆದರೆ ನೆನಪನ್ನು ಸ್ವಲ್ಪ ಕೆದಕಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ನಾವು ಹುಡುಗರು ಎದ್ದು ಬರುವ ಹೊತ್ತಿಗೆ ಒಲೆ ಉರಿಯುತ್ತಲೇ ಇರುತ್ತಿತ್ತು. ಅದೇನು ತಾನಾಗಿ ಹೊತ್ತಿಕೊಂಡದ್ದೆ? ಹಿಂದಿನ ಸಂಜೆಯೇ ಅಡಿಕೆಯ ಸಿಪ್ಪೆ ತಂದು ಒಟ್ಟಿ, ಕೋಳಿ ಕೂಗುವ ಮುಂಚೆ ಎದ್ದು, ಒದ್ದೆ ಸೌದೆಯ ಹೊಗೆಗೆ ಕಣ್ಣೊಡ್ಡಿ ಊದಿದವಳು ಅಮ್ಮ. ಅಂದೂ ನಾವು ಬೆವರಿಲ್ಲದೆ ಬೆಚ್ಚಗಿದ್ದವರೇ. ಯಂತ್ರದ ಬದಲಿಗೆ ಅಮ್ಮ ಇದ್ದಳು, ಅಷ್ಟೆ.

ವ್ಯತ್ಯಾಸ ಇರುವುದು ಒಂದೇ. ಅವಳ ಕೆಮ್ಮು ನಮಗೆ ಕೇಳಿಸುತ್ತಿತ್ತು. ಕೇಳಿಸಿಯೂ ಕೇಳದಂತೆ ಕುಳಿತ ದಿನಗಳೇ ಹೆಚ್ಚೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಕೇಳುವ ಅವಕಾಶವಾದರೂ ಇತ್ತು. ಹೊಸ ಒಲೆ ಆ ಅವಕಾಶವನ್ನೂ ಕಳೆಯಿತು. ಹೊಗೆಯನ್ನು ಕಳೆದದ್ದು ಉಪಕಾರ. ಅಷ್ಟಕ್ಕಾಗಿ ಅದಕ್ಕೆ ಕೈಮುಗಿಯಬೇಕು. ಆದರೆ ಹೊಗೆಯ ಜೊತೆಗೆ ಊದುವವರೂ ಕಣ್ಮರೆಯಾದರು. ನೂರಾರು ಮೈಲಿಯಾಚೆ ಬಾವಿ ಕಾಯುವವನು, ತಂತಿ ಸರಿಪಡಿಸುವವನು, ಅವರ ಯಂತ್ರದ ಬಿರುಕು—ಯಾವುದೂ ನಮಗೆ ಕಾಣದು, ಕೇಳದು.

ಆದ್ದರಿಂದ ಮತ್ತೊಬ್ಬರನ್ನು ನೆಚ್ಚುವುದು ತಪ್ಪೆಂದು ನನಗೆ ತೋರುವುದಿಲ್ಲ. ನೆಚ್ಚದೆ ಚಳಿಯಲ್ಲಿ ಬದುಕಿದವರು ಯಾರೂ ಇಲ್ಲ. ನೆಚ್ಚಿದ್ದನ್ನು ಮರೆಯುವುದು ತಪ್ಪು. ಹ್ಯೂಸ್ಟನ್ನಿನ ಪೀಠೋಪಕರಣದ ವ್ಯಾಪಾರಿಯೊಬ್ಬರು ಆ ದಿನಗಳಲ್ಲಿ ತಮ್ಮ ಮಳಿಗೆಗಳ ಬಾಗಿಲು ತೆರೆದು, ಮಾರುವುದಕ್ಕಿಟ್ಟಿದ್ದ ಹಾಸಿಗೆ-ಸೋಫಾಗಳ ಮೇಲೆ ಚಳಿಗೆ ಸಿಕ್ಕವರನ್ನು ಮಲಗಿಸಿದರು. ದೊಡ್ಡ ಗುಣ ಅದು. ಆದರೆ ಬೆಂಕಿ ಆರಿದ ಮೇಲೆ ತೋರುವ ಔದಾರ್ಯಕ್ಕಿಂತ ಅದು ಉರಿಯುವಾಗ ತೋರುವ ಎಚ್ಚರ ಕಷ್ಟವಾದದ್ದು. ಅದನ್ನು ಯಾರೂ ಹೊಗಳುವುದಿಲ್ಲ. ಯಂತ್ರದ ಭದ್ರತೆಗೆ ನಾಲ್ಕು ಕಾಸು ಹೆಚ್ಚು ತೆರಲು ಒಪ್ಪುವುದು, ತೆತ್ತ ಹಣ ಅಲ್ಲಿಗೇ ಸೇರಿತೆ ಎಂದು ಕೇಳುವುದು, ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕರ ಹೆಸರು ತಿಳಿದಿರುವುದು—ಇಷ್ಟೇ ಅದರ ರೂಪ.

ಮುಂದಿನ ಚಳಿಗಾಲದ ಮೊದಲ ರಾತ್ರಿ ಗೋಡೆಯ ಯಂತ್ರ ಸದ್ದುಮಾಡಿದಾಗ ಮಲಗಿದವರು ಮಲಗಲಿ. ಆದರೆ ಬೆಳಗ್ಗೆ ಎದ್ದ ಮೇಲಾದರೂ ಒಲೆಯ ಮುಂದೆ ಯಾರಿದ್ದಾರೆಂದು ವಿಚಾರಿಸಿಕೊಳ್ಳಲಿ.