ಮಿಕ್ಕುದನ್ನು ಬಿಡುವ ಕಾಯಕ

ಕಲ್ಯಾಣದಲ್ಲಿ ಅಕ್ಕಿಯಾಯುವ ಕಾಯಕದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಿರುಗಿಸಿದ ಪ್ರಸಂಗ ಸುವಿದಿತ. ಅಕ್ಕಿಗೆ ಸಲ್ಲುವ ಈ ನಿಯಮವು ಉಕ್ಕಿಗೂ ಸಲ್ಲುವುದೆಂದರೆ ಕೆಲವರು ನಕ್ಕಾರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಹಳೆಯ ವಿಲ್ಲಿಸ್ ಮಾದರಿಯ ಜೀಪಿನ ಎಂಜಿನ್ನನ್ನು ಮನೆಯಂಗಳದಲ್ಲಿಯೇ ಬಿಚ್ಚಿ ಕಟ್ಟುವವರು ಮಾತ್ರ ನಗಲಾರರು.

ಅದರಲ್ಲಿ ನಾಲ್ಕು ಪಿಸ್ಟನ್ನುಗಳು, ನಾಲ್ಕು ಕನೆಕ್ಟಿಂಗ್ ರಾಡುಗಳು. ಎರಡು ಏರುವಾಗ ಎರಡು ಇಳಿಯುತ್ತವೆ. ತೂಕ ಸಮವಾಗಿದ್ದರೆ ಒಂದರ ಸೆಳೆತವನ್ನು ಬಹುಮಟ್ಟಿಗೆ ಇನ್ನೊಂದು ತಾಳಿಕೊಳ್ಳುತ್ತದೆ. ಒಂದು ಪಿಸ್ಟನ್ನನ್ನು ಮಾತ್ರ ಹೊಸದಾಗಿ ತಂದು ಹಾಕುವವರು ಇದನ್ನು ಮರೆಯುತ್ತಾರೆ. 10 ಗ್ರಾಂ ಹೆಚ್ಚಿದ್ದರೇನಾಯಿತು ಎನ್ನಬಾರದು. ಪಿಸ್ಟನ್ನು ಏರಿಳಿಯುವ ದೂರ ಸುಮಾರು 111 ಮಿಲಿಮೀಟರು. ನಿಮಿಷಕ್ಕೆ 3000 ಸುತ್ತಿನಲ್ಲಿ ಆ 10 ಗ್ರಾಂ, 5 ಕಿಲೋಗ್ರಾಂ ಭಾರಕ್ಕೂ ಮಿಗಿಲಾದ ಬಲದಿಂದ ಬೇರಿಂಗನ್ನು ಜಗ್ಗುತ್ತದೆ. ವೇಗ ಇಮ್ಮಡಿಯಾದರೆ ಜಗ್ಗು ನಾಲ್ಮಡಿ. ಸಂತೆಗೂ ಆಸ್ಪತ್ರೆಗೂ ಮಕ್ಕಳುಮರಿ ಕೂತು ಹೋಗುವ ಬಂಡಿಯಲ್ಲವೆ?

ಆದುದರಿಂದ ಪಿಸ್ಟನ್ನುಗಳನ್ನು ತೊಳೆದೊಣಗಿಸಿ, ಪಿನ್ನು ರಿಂಗುಗಳೊಡನೆ, ಅಕ್ಕಸಾಲಿಗರದರಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಬರೆದಿಡತಕ್ಕದ್ದು. ಅತ್ಯಂತ ಹಗುರವಾದುದೇ ಪ್ರಮಾಣ. ಅದಕ್ಕೆ ಲೋಹವನ್ನು ಕೂಡಿಸುವ ಹಾದಿಯಿಲ್ಲ. ಭಾರವಾದುದೇ ತನ್ನ ಮಿಕ್ಕುದನ್ನು ಬಿಡಬೇಕು. ಎಲ್ಲಿಂದ ಬಿಡಬೇಕೆಂಬುದರಲ್ಲಿಯೇ ವಿವೇಕವಿರುವುದು. ಪಿಸ್ಟನ್ನಿನ ತಲೆ, ರಿಂಗು ಕೂರುವ ತೋಡು, ಪಿನ್ನಿನ ರಂಧ್ರದ ಸುತ್ತಣ ಗೋಡೆ, ಇವು ಹೊರೆ ಹೊರುವ ಸ್ಥಾನಗಳು, ಮುಟ್ಟಲಾಗದು. ಒಳಬದಿಯ ಕೆಳ ಅಂಚಿನಲ್ಲಿ ಎರಕದಿಂದ ಉಳಿದ ದಪ್ಪವನ್ನಷ್ಟೇ ತುಸುತುಸುವಾಗಿ ಕಳೆಯಬೇಕು.

ರಾಡಿನ ವಿಷಯ ಇನ್ನೂ ಸೂಕ್ಷ್ಮ. ಅದರ ಒಟ್ಟು ತೂಕ ಸಮವಾದರೆ ಸಾಲದು. ಒಂದು ತುದಿ ಸುತ್ತುತ್ತದೆ, ಇನ್ನೊಂದು ಏರಿಳಿಯುತ್ತದೆ. ಆದಕಾರಣ ಒಂದು ತುದಿಯನ್ನು ಆಸರೆಯ ಮೇಲಿರಿಸಿ, ರಾಡನ್ನು ಮಟ್ಟವಾಗಿ ನಿಲ್ಲಿಸಿ, ಮತ್ತೊಂದು ತುದಿಯ ತೂಕವನ್ನು ನೋಡಬೇಕು. ಅನಂತರ ತಿರುಗಿಸಿ ನೋಡಬೇಕು. ಅರದ ಗೆರೆ ರಾಡಿನ ಉದ್ದಕ್ಕೇ ಸಾಗಲಿ. ಅಡ್ಡ ಬಿದ್ದ ಗೀರಿನಿಂದಲೇ ಬಿರುಕು ಹುಟ್ಟುವುದು. ತೂಕ ಸರಿಹೋಗುವುದೆಂದು ಒಂದು ರಾಡಿನ ಕ್ಯಾಪನ್ನು ಇನ್ನೊಂದಕ್ಕೆ ತೊಡಿಸುವುದು ಅಕಾರ್ಯ. ಅವೆರಡೂ ಜೊತೆಯಾಗಿಯೇ ಕೊರೆಯಲ್ಪಟ್ಟವು. ಅಗಲಿಸಿದರೆ ರಂಧ್ರದ ವೃತ್ತ ಕೆಡುತ್ತದೆ.

ನಾಲ್ಕೂ ಒಂದೆರಡು ಗ್ರಾಮಿನೊಳಗೆ ಬಂದರೆ ಇಂತಹ ಎಂಜಿನ್ನಿಗೆ ಸಾಕು. ಸೊನ್ನೆಗೇ ತರುವೆನೆಂಬ ಹಟದಿಂದ ಉಜ್ಜುತ್ತ ಕೂರುವುದು ನನಗೆ ಸಮ್ಮತವಲ್ಲ. ಅದೂ ಒಂದು ಬಗೆಯ ಆಸೆಯೇ. ಬಳಿಕ ಎಲ್ಲವನ್ನೂ ಪುನಃ ತೊಳೆದು, ಅರದ ಪುಡಿ ಎಣ್ಣೆಯ ದಾರಿಯನ್ನು ಸೇರದಂತೆ ನೋಡಿ, ಸಂಖ್ಯೆಯ ಕ್ರಮದಲ್ಲಿ ಜೋಡಿಸತಕ್ಕದ್ದು.