ಕಸದೊಳಗಿನ ಕಾಳು

ನಮ್ಮವ್ವ ಜೋಳ ಹಸನು ಮಾಡುವಾಗ ಆರಿಸಿ ತೆಗೆದ ಕಸವನ್ನು ಕೂಡಲೆ ಹೊರಗೆ ಚೆಲ್ಲುತ್ತಿರಲಿಲ್ಲ. ಅಂಗೈಯಲ್ಲಿ ಹರವಿಕೊಂಡು ಇನ್ನೊಮ್ಮೆ ನೋಡುತ್ತಿದ್ದಳು. “ಕಸದಾಗೂ ಕಾಳ ಇರತಾವವಾ” ಎನ್ನುತ್ತಿದ್ದಳು. ಹೊಂಬಳದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ನನಗೆ ಇದೆಂಥ ಜಿಪುಣತನ ಎನಿಸುತ್ತಿತ್ತು.

ಅವ್ವನ ಆ ಮಾತು ಎಷ್ಟೋ ವರ್ಷಗಳ ಮೇಲೆ ಮಗಳ ಪುಸ್ತಕದಿಂದ ನೆನಪಾಯಿತು. ನಾನು ಬಿ.ಎ., ಬಿ.ಎಡ್. ಮಾಡಿದವಳು, ವಿಜ್ಞಾನ ನನ್ನ ಪಾಲಿಗೆ ಬಂದದ್ದಲ್ಲ. ಗದಗಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಒಂದು ರಾತ್ರಿ, “ಅವ್ವಾ, ನಮ್ಮ ಮೈಯೊಳಗಿನ ಕಸಾ ಯಾರು ಹೊಡೀತಾರ ಗೊತ್ತೇನು?” ಎಂದು ಶುರು ಮಾಡಿದಳು.

ಜೀವಕೋಶದಲ್ಲಿ ಪ್ರೋಟೀನುಗಳು ಹುಟ್ಟುವ ಬಗೆಯನ್ನು ಬಹಳ ಜನ ಹುಡುಕುತ್ತಿದ್ದರು. ಅವು ಅಳಿಯುವ ಬಗೆಯನ್ನು ಕೇಳಿದವರು ಕಡಿಮೆ. ಅಲ್ಲಿ ಒಂದು ಒಗಟೂ ಇತ್ತು. ಉಂಡ ಬೇಳೆಯ ಪ್ರೋಟೀನು ಹೊಟ್ಟೆಯಲ್ಲಿ ಒಡೆಯುವ ಕ್ರಿಯೆಗೆ ಹೊರಗಿನ ಶಕ್ತಿ ಬೇಡ. ಆದರೆ ಜೀವಕೋಶ ತನ್ನೊಳಗಿನ ಪ್ರೋಟೀನನ್ನು ಒಡೆಯಲು ಶಕ್ತಿ ಖರ್ಚು ಮಾಡುತ್ತದೆ. ಕೆಡವುವುದಕ್ಕೂ ಖರ್ಚೇಕೆ? ಇಸ್ರೇಲಿನ ಹೈಫಾದಲ್ಲಿ ಅವ್ರಾಮ್ ಹೆರ್ಷ್ಕೊ, ಅವರ ವಿದ್ಯಾರ್ಥಿ ಆರನ್ ಚೆಹಾನೋವರ್, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇರ್ವಿನ್ ರೋಸ್, ಈ ಮೂವರು 1970ರ ದಶಕದ ಕೊನೆಯಿಂದ ಕೆಲವು ವರ್ಷ ಕೂಡಿ ದುಡಿದು ಉತ್ತರ ಕಂಡುಕೊಂಡರು. 2004ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಉತ್ತರವಿಷ್ಟು. ಬೇಡವಾದ ಪ್ರೋಟೀನಿಗೆ ಜೀವಕೋಶ ಮೊದಲು ಒಂದು ಗುರುತು ಹಚ್ಚುತ್ತದೆ. ಆ ಗುರುತೂ ಒಂದು ಪುಟ್ಟ ಪ್ರೋಟೀನೇ. 76 ಅಮೈನೋ ಆಮ್ಲಗಳ ಸರ, ಹೆಸರು ಯುಬಿಕ್ವಿಟಿನ್. ಗುರುತು ಹಚ್ಚುವುದಕ್ಕೇ ಶಕ್ತಿ ಬೇಕು. ಗುರುತು ಹೊತ್ತ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರದೊಳಗೆ ಹೋಗಿ ತುಂಡಾಗುತ್ತದೆ. ಆ ತುಂಡುಗಳಿಂದ ಹೊಸ ಪ್ರೋಟೀನು ಕಟ್ಟಲು ಬರುತ್ತದೆ. ಗುರುತು ಮಾತ್ರ ಕೆಡದೆ ಹೊರಗೆ ಬಂದು ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಗುರುತು ತಪ್ಪಿದರೆ ಅನಾಹುತ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸು ಮಾಡುವುದೂ ಇದನ್ನೇ: ಕೋಶವನ್ನು ಕಾಯುವ ಪ್ರೋಟೀನಿಗೇ ಈ ಗುರುತು ಹಚ್ಚಿಸಿ ಕೆಡವಿಸುತ್ತದೆ.

“ಒಂದು ಗುರುತು ಹಚ್ಚಿದರ ಸಾಲೂದಿಲ್ಲವ್ವಾ” ಎಂದಳು ಮಗಳು. “ಹೆಚ್ಚಾಗಿ ನಾಕರ ಸರಪಳಿನರ ಬೇಕು. ಹಚ್ಚಿದ ಗುರುತು ಬಿಚ್ಚಾಕ ಬ್ಯಾರೆ ಕಿಣ್ವ ಅದಾವ.”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ನೌಕರಿಯ ಮೊದಲ ವರ್ಷಗಳಲ್ಲಿ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿಯಿದ್ದಳು. ಎರಡು ಪರೀಕ್ಷೆಯಲ್ಲಿ ನಪಾಸಾದಳು, ತರಗತಿಯಲ್ಲಿ ತೂಕಡಿಸುತ್ತಿದ್ದಳು. ಒಂದು ದಿನ ಅವಳ ಅಪ್ಪ ಬಂದು, “ಅಕ್ಕಾರ, ಹುಡುಗಿ ಓದತಾಳೇನ್ರಿ?” ಎಂದ. ಪೇಪರು ತಿದ್ದುತ್ತಿದ್ದ ನಾನು ತಲೆಯೆತ್ತದೆ, “ಇಕಿಗೆ ಓದು ಹತ್ತೂದಿಲ್ಲ ಬಿಡ್ರಿ” ಎಂದೆ. ಮರುದಿನದಿಂದ ಅವಳು ಬರಲಿಲ್ಲ. ಅವಳ ತಾಯಿ ಹಾಸಿಗೆ ಹಿಡಿದಿದ್ದಳೆಂದೂ, ಹುಡುಗಿ ನಸುಕಿನಲ್ಲೆದ್ದು ಮನೆ ಮಂದಿಗೆಲ್ಲ ರೊಟ್ಟಿ ಬಡಿದು ಸಾಲಿಗೆ ಬರುತ್ತಿದ್ದಳೆಂದೂ ಆಮೇಲೆ ತಿಳಿಯಿತು. ನಾನು ಕೇಳಿರಲೇ ಇಲ್ಲ.

ಕಣ್ಣಿಗೆ ಕಾಣದ ಜೀವಕೋಶ ಒಂದು ಪ್ರೋಟೀನನ್ನು ಕೆಡವಲು ಅಷ್ಟು ಖರ್ಚು ಮಾಡುತ್ತದೆ, ನಾಲ್ಕು ಗುರುತು ಹಚ್ಚುತ್ತದೆ, ಬಿಚ್ಚುವ ದಾರಿಯನ್ನೂ ಇಟ್ಟುಕೊಂಡಿರುತ್ತದೆ. ನನಗೆ ಒಂದು ಮಾತು ಸಾಕಾಯಿತು, ಖರ್ಚೇನೂ ಆಗಲಿಲ್ಲ. ಪ್ರೋಟೀನು ಒಡೆದರೆ ಹೊಸದು ಹುಟ್ಟುತ್ತದೆ. ಹುಡುಗಿಯ ಎಂಟನೆಯ ಇಯತ್ತೆ ಮತ್ತೆ ಹುಟ್ಟುವುದಿಲ್ಲ. ಬೇಡವಾದದ್ದನ್ನು ತೆಗೆಯದೆ ಮನೆಯೂ ನಡೆಯದು, ಮೈಯೂ ನಡೆಯದು, ನಿಜ. ಆದರೆ ಮನುಷ್ಯರ ಮೇಲೆ ಆ ಗುರುತು ಹಚ್ಚುವ ಅಧಿಕಾರ ನನಗೆ ಕೊಟ್ಟವರಾರು?

ಮುಂದೆ ಅವಳು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಪಕ್ಕದಲ್ಲಿ ಮಗಳು. “ಅಕ್ಕಾರ, ಇಕೀನ್ನ ಸಾಲಿ ಬಿಡಸೂದಿಲ್ರಿ” ಎಂದು ನಕ್ಕಳು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಯಾವ ಪಾಲಕರು ಬಂದು ಕೇಳಿದರೂ ಪೆನ್ನು ಕೆಳಗಿಡುತ್ತೇನೆ. ಮೊದಲು ಹುಡುಗಿಯನ್ನು ಕರೆದು, “ಮುಂಜಾನೆ ಎಷ್ಟಕ್ಕ ಏಳತೀಯವಾ?” ಎಂದು ಕೇಳುತ್ತೇನೆ.