ಉದುರಿ ಮತ್ತೆ ಚಿಗುರುವ ಕೊಂಬು

ಕನಕಪುರ ದಾಟಿ ಸಂಗಮದ ದಾರಿ ಹಿಡಿದರೆ ಕಾವೇರಿ ವನ್ಯಧಾಮದ ಒಣ ಕಾಡು. ಅಲ್ಲಿ ಚುಕ್ಕೆ ಜಿಂಕೆಯ ಹಿಂಡು ಎದುರಾದರೆ ಗಂಡುಗಳ ತಲೆಯನ್ನು ನಿಧಾನವಾಗಿ ನೋಡಬೇಕು. ಒಂದಕ್ಕೆ ಮೂರು ಕವಲಿನ ಗಟ್ಟಿ ಕೊಂಬು. ಪಕ್ಕದ್ದಕ್ಕೆ ಗೇಣುದ್ದದ, ತುದಿ ಮೊಂಡಾದ, ನವಿರು ರೋಮ ಹೊದ್ದ ಎಳೆ ಕೊಂಬು. ಇನ್ನೊಂದರ ತಲೆ ಬೋಳು. ಆ ಬೋಳು ತಲೆಯದನ್ನು ಹೆಣ್ಣೆಂದೇ ತಿಳಿಯುವವರುಂಟು.

ಮಾಗಡಿ ಕಡೆ ಹೆರೆದು ನಯ ಮಾಡುವ ಹಳ್ಳಿಕಾರ್ ಎತ್ತಿನ ಕೊಂಬು ಬದುಕಿರುವ ತನಕ ಬೆಳೆಯುವಂಥದ್ದು. ಒಳಗೆ ಮೂಳೆ, ಮೇಲೆ ಉಗುರಿನಂಥ ಕವಚ. ಕೃಷ್ಣಮೃಗದ್ದೂ ಹಾಗೆಯೇ. ಜಿಂಕೆ, ಕಡವೆ, ಕಾಡುಕುರಿಗಳ ಕೊಂಬಾದರೋ ಪೂರ್ತಿ ಮೂಳೆ, ವರ್ಷಕ್ಕೊಮ್ಮೆ ಬೀಳುತ್ತದೆ. ಗಂಡಿನ ಮೈಯಲ್ಲಿ ಟೆಸ್ಟೋಸ್ಟೆರಾನ್ ಇಳಿದಾಗ ಬುಡದ ಮೂಳೆ ಕರಗಿ ಕೊಂಬು ಕಳಚಿಕೊಳ್ಳುತ್ತದೆ. ಆ ಗಾಯ ಮಾಯುವಾಗಲೇ ಹೊಸ ಚಿಗುರು ಏಳುತ್ತದೆ. ಎಳೆ ಕೊಂಬನ್ನು ಮುಟ್ಟಿದರೆ ಬಿಸಿ, ಒಳಗೆಲ್ಲ ನೆತ್ತರು. ಮೇವಿನ ಸುಣ್ಣದಂಶ ಸಾಲದಾದರೆ ಪ್ರಾಣಿ ತನ್ನ ಪಕ್ಕೆಲುಬಿನಿಂದಲೇ ಎರವಲು ಪಡೆಯುತ್ತದೆ. ಕೆಲವು ತಿಂಗಳಲ್ಲಿ ಬೆಳವಣಿಗೆ ಮುಗಿದು ರಕ್ತದ ಹರಿವು ನಿಂತಾಗ, ಒಣಗಿದ ಚರ್ಮವನ್ನು ಮರಕ್ಕೆ ಉಜ್ಜಿ ಸುಲಿದುಕೊಳ್ಳುತ್ತದೆ. ಆಮೇಲೆ ಹೆಣ್ಣಿಗಾಗಿ ಕಾದಾಟ.

ಯುರೋಪಿನ ಕೆಂಜಿಂಕೆಗಳು ಹಗಲಿನ ಏರಿಳಿತ ಅನುಸರಿಸಿ ಹೆಚ್ಚುಕಮ್ಮಿ ಒಟ್ಟಿಗೇ ಕೊಂಬು ಬೀಳಿಸುತ್ತವೆ. ನಮ್ಮಲ್ಲಿ ಹಗಲಿನ ಅಳತೆ ಅಷ್ಟು ಬದಲಾಗದು. ಕಡವೆಗೆ ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಕೊಂಬು ಬಿದ್ದು, ಮಳೆಗಾಲದಲ್ಲಿ ಹೊಸದು ಬೆಳೆದು, ಚಳಿಗಾಲಕ್ಕೆ ಗಟ್ಟಿಯಾಗುತ್ತದೆ. ಚುಕ್ಕೆ ಜಿಂಕೆಯಲ್ಲಿ ಮಾತ್ರ ಒಂದೊಂದು ಗಂಡಿಗೂ ಒಂದೊಂದು ಲೆಕ್ಕ. ಹಾಗಾಗಿಯೇ ಅವುಗಳ ಮರಿಗಳು ವರ್ಷವಿಡೀ ಕಾಣಸಿಗುತ್ತವೆ. ಒಂದೇ ಹಿಂಡಿನೊಳಗೆ ಇಷ್ಟು ಕಾಲಗಳು ಒಟ್ಟಿಗೆ ನಡೆಯುವುದು ನನಗಂತೂ ದೊಡ್ಡ ಸೋಜಿಗ.

ಉದುರಿದ ಕೊಂಬಲ್ಲವೇ, ಯಾವ ಪ್ರಾಣಿಯನ್ನೂ ಕೊಂದಿಲ್ಲವಲ್ಲ ಎಂದು ಮನೆಗೆ ತಂದು ಗೋಡೆಗೆ ತೂಗುಹಾಕುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಮನೆಗಳಲ್ಲಿರುವ ಇಂಥ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳ ಕಾಲಾವಕಾಶವನ್ನೂ ಕೊಟ್ಟಿತ್ತು. ಕೊಂಬಿಗೆ ಬೆಲೆ ಕಟ್ಟಿದೊಡನೆ ಬಿದ್ದದ್ದು ಯಾವುದು, ಕೊಂದು ಕಿತ್ತದ್ದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಬಿದ್ದ ಕೊಂಬು ಕಾಡಿಗೂ ಬೇಕು. ಹಳೆಯ ಕೊಂಬಿನ ಮೈಮೇಲೆ ಉಳಿಯಲ್ಲಿ ಕೆತ್ತಿದಂತೆ ಸಾಲುಗೆರೆಗಳಿದ್ದರೆ ಅದು ಮುಳ್ಳುಹಂದಿಯ ಹಲ್ಲಿನ ಗುರುತು. ಸುಣ್ಣ, ರಂಜಕಕ್ಕಾಗಿ ಅದು ಕೊಂಬು ಕಡಿಯುತ್ತದೆ. ಜಿಂಕೆಗಳೂ ಬಿದ್ದ ಕೊಂಬನ್ನು ಅಗಿಯುತ್ತವೆ.